ಕಂಪ್ಯೂಟರಿಗೆ ಇನ್ನೊಂದು ಹಾರ್ಡ್ ಡಿಸ್ಕ್: ಕೊಳ್ಳುವ ಮತ್ತು ಜೋಡಿಸುವ ಬಗೆ

ನಮ್ಮ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳನ್ನು ಕುರಿತು ನುರಿತ ವೈದ್ಯರು ಬರೆಯುವುದು ವಾಡಿಕೆ. ಅಂಥ ಪುಟಗಳ ನಡುವೆ ಕಂಪ್ಯೂಟರಿನ ಬಿಡಿಭಾಗವೊಂದರ ವಿಚಾರವನ್ನು ತರುವುದು ವಾಚಕರಿಗೆ ಅಸಂಗತವೆಂದು ತೋರಬಹುದು. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಕುಟುಂಬದಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿದ ಮೇಲೆ ಈ ಎರಡಕ್ಕೂ ಇರುವ ಸಂಬಂಧವು ಅವರಿಗೇ ಮನವರಿಕೆಯಾದೀತೆಂದು ನಂಬಿದ್ದೇನೆ.

ಕಲ್ಯಾಣ್ ಪಶ್ಚಿಮದಲ್ಲಿರುವ ನನ್ನ ಭಾವನವರಿಗೆ 68 ವರ್ಷ. ಎಂಟು ವರ್ಷಗಳ ಹಿಂದೆ ಅವರ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇಡಲಾಗಿತ್ತು. ಜುಲೈ ತಿಂಗಳಲ್ಲಿ ಮತ್ತೆ ಎದೆನೋವು ಕಾಣಿಸಿಕೊಂಡು ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಪ್ರಮಾಣವು ಇರಬೇಕಾದುದಕ್ಕಿಂತ ಹೆಚ್ಚಾಗಿತ್ತು. ಅಂದರೆ ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ. ಆಂಜಿಯೋಗ್ರಫಿ ಮಾಡುವಾಗ ರಕ್ತನಾಳಕ್ಕೆ ಬಿಡುವ ದ್ರಾವಣವು ಮೊದಲೇ ಬಳಲಿದ ಮೂತ್ರಪಿಂಡಗಳಿಗೆ ಇನ್ನಷ್ಟು ಹಾನಿ ಮಾಡುವ ಸಂಭವವಿರುವುದರಿಂದ ವೈದ್ಯರು ಒಂದು ಸರಳವಾದ ಪ್ರಶ್ನೆಯನ್ನು ಕೇಳಿದರು: "ಈ ಏರಿಕೆ ಹಳೆಯದೋ, ಈಗ ಹೊಸದಾಗಿ ಬಂದದ್ದೋ? ಹಿಂದಿನ ರಿಪೋರ್ಟುಗಳನ್ನು ತನ್ನಿ. ಸ್ಟೆಂಟಿನ ವಿವರವೂ ಬೇಕು."

ನನ್ನ ಅಕ್ಕ ಬಹಳ ಅಚ್ಚುಕಟ್ಟಿನ ಹೆಂಗಸು. ಎಂಟು ವರ್ಷಗಳ ಎಲ್ಲ ರಿಪೋರ್ಟುಗಳೂ ಅವಳಲ್ಲಿದ್ದವು. ಆದರೆ ಒಂದು ಹಾಲ್, ಒಂದು ಬೆಡ್‌ರೂಮಿನ ಆ ಮನೆಯಲ್ಲಿ ಕಾಗದಗಳಿಗೆ ಸ್ಥಳವಿಲ್ಲವೆಂದು ಎಲ್ಲವನ್ನೂ ಮಗನಿಂದ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿಸಿ, ಮೂಲಪ್ರತಿಗಳನ್ನು ರದ್ದಿಗೆ ಕೊಟ್ಟಿದ್ದಳು. ಆ ಕಂಪ್ಯೂಟರು ಜೂನ್ ತಿಂಗಳಲ್ಲಿಯೇ 'ಟಿಕ್ ಟಿಕ್' ಎಂದು ಸದ್ದು ಮಾಡಿ ನಿಂತುಹೋಗಿತ್ತು. ರಿಪೇರಿಗೆ ಕೊಡಬೇಕೆಂದುಕೊಂಡೇ ಒಂದು ತಿಂಗಳು ಕಳೆದಿತ್ತು. "ಎಲ್ಲವೂ ಅದರ ಹೊಟ್ಟೆಯಲ್ಲೇ ಇದೆಯಲ್ಲ ಮಾರಾಯ, ಅದು ಬಾಯಿ ಬಿಡದಿದ್ದರೆ ನಾನೇನು ಮಾಡಲಿ?" ಎಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನನ್ನು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸ್ಟೆಂಟ್ ಹಾಕಿದ ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಅಷ್ಟು ಹಳೆಯ ದಾಖಲೆ ಇಲ್ಲವೆಂದು ತಿಳಿಯಿತು. ಅವರನ್ನು ದೂರುವಂತಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷಗಳ ಕಾಲ ಕಾಯ್ದಿಡಬೇಕು. ರೋಗಿಯ ಕಡೆಯವರು ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಮೂರು ವರ್ಷಗಳಾಚೆಗಿನ ಹೊಣೆ ನಮ್ಮದೇ ಎಂಬುದನ್ನು ವಾಚಕರು ಗಮನಿಸಬೇಕು. ಕೊನೆಗೆ ಎರಡು ದಿನ ಹೆಚ್ಚಿಗೆ ಕಾದು, ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಸೋನೋಗ್ರಫಿಯನ್ನೂ ಮಾಡಿ, ತೊಂದರೆ ಹಳೆಯದೆಂದು ನಿರ್ಧರಿಸಿ, ಎಚ್ಚರಿಕೆಯಿಂದ ಮುಂದುವರಿದರು. ಭಾವನವರು ಈಗ ಕಾಳಾ ತಲಾವಿನ ದಂಡೆಯಲ್ಲಿ ಬೆಳಗಿನ ನಡಿಗೆಗೆ ಹೋಗುವಷ್ಟು ಚೇತರಿಸಿಕೊಂಡಿದ್ದಾರೆ. ಆ ಕಂಪ್ಯೂಟರಿನ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಸಲು ತಜ್ಞರು ಕೇಳಿದ ಹಣವು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು. ಅಷ್ಟನ್ನು ತೆತ್ತರೂ ಮರಳಿ ದೊರೆತದ್ದು ಅರ್ಧ ಮಾತ್ರ.

ಅಗ್ಗದ ಇನ್ನೊಂದು ಡಿಸ್ಕ್ ಮೊದಲೇ ಇದ್ದಿದ್ದರೆ ಈ ಪ್ರಸಂಗವೇ ಒದಗುತ್ತಿರಲಿಲ್ಲ. ಅದನ್ನು ಕೊಳ್ಳುವುದು ಹೇಗೆ, ಜೋಡಿಸುವುದು ಹೇಗೆ, ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ಡಿಸ್ಕಿನ ಅಂತರಂಗ

ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಆ ಯಂತ್ರವು ಸುಮಾರು ಒಂದು ಟನ್ ತೂಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳಷ್ಟೇ. ಇಂದು ಅಂಗೈಯಲ್ಲಿ ಹಿಡಿಯಬಹುದಾದ 1 ಟೆರಾಬೈಟಿನ ಡಿಸ್ಕಿನಲ್ಲಿ ಅದರ ಎರಡು ಲಕ್ಷ ಪಟ್ಟು ಹಿಡಿಯುತ್ತದೆ. ಆದರೆ ಕಾರ್ಯವಿಧಾನ ಬದಲಾಗಿಲ್ಲ. ಕಾಂತೀಯ ಲೇಪವಿರುವ ನುಣುಪಾದ ತಟ್ಟೆ ತಿರುಗುತ್ತಿರುತ್ತದೆ. ಅದರ ಮೇಲೆ, ಗ್ರಾಮೋಫೋನಿನ ತೋಳಿನಂತೆ, ಓದುವ-ಬರೆಯುವ ಮುಳ್ಳು ಅತ್ತಿತ್ತ ಚಲಿಸುತ್ತದೆ. ಗ್ರಾಮೋಫೋನಿನಲ್ಲಿ ಮುಳ್ಳು ತಟ್ಟೆಯನ್ನು ಮುಟ್ಟಲೇಬೇಕು, ಇಲ್ಲಿ ಮುಟ್ಟಲೇಬಾರದು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನ ಅಂಚು ಗಂಟೆಗೆ 120 ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಅಂದರೆ ನಮ್ಮ ಫಾಸ್ಟ್ ಲೋಕಲ್ ರೈಲಿಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಮುಳ್ಳಿಗೂ ತಟ್ಟೆಗೂ ನಡುವೆ ಇರುವ ಅಂತರ ಒಂದು ಧೂಳಿನ ಕಣಕ್ಕಿಂತಲೂ ಎಷ್ಟೋ ಪಟ್ಟು ಕಡಿಮೆ. ನಡೆಯುತ್ತಿರುವ ಡಿಸ್ಕ್ ಮೇಜಿನಿಂದ ಬಿದ್ದರೆ ಅದರ ಕಥೆ ಮುಗಿಯಿತೆಂದು ಏಕೆ ಹೇಳುತ್ತಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಿರುಗುವ ಯಂತ್ರಕ್ಕೆ ಸವಕಳಿ ಇದ್ದದ್ದೇ. ಕೆಲವು ಎರಡೇ ವರ್ಷಕ್ಕೆ ಕೈಕೊಡುತ್ತವೆ, ಕೆಲವು ಹತ್ತು ವರ್ಷ ದಾಟುತ್ತವೆ. ನಮ್ಮದು ಯಾವ ಜಾತಿಯದೆಂದು ಮುಂದಾಗಿ ತಿಳಿಯುವ ಉಪಾಯವಿಲ್ಲ.

ರೋಗಕ್ಕೆ ಲಕ್ಷಣಗಳಿರುವಂತೆ ಇದಕ್ಕೂ ಕೆಲವು ಲಕ್ಷಣಗಳುಂಟು. ಕಡತ ತೆರೆಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಕಂಪ್ಯೂಟರು ನಡುನಡುವೆ ಸ್ತಬ್ಧವಾಗುವುದು, ಕ್ಯಾಬಿನೆಟ್ಟಿನೊಳಗಿಂದ ಲಯಬದ್ಧವಾದ ಸದ್ದು ಕೇಳುವುದು ಇತ್ಯಾದಿ. ಸದ್ದು ಕೇಳಿದ ಕೂಡಲೇ ಬೇರೆಲ್ಲ ಕೆಲಸವನ್ನು ಬದಿಗಿಟ್ಟು ಮುಖ್ಯವಾದ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳತಕ್ಕದ್ದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಅದು ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲಿ ತೋರಿಸುತ್ತದೆ. ನೀಲಿಯಾದರೆ ಕ್ಷೇಮ, ಹಳದಿಯಾದರೆ ಎಚ್ಚರ. ಲಕ್ಷಣವೇ ಇಲ್ಲದೆ ಒಂದು ಬೆಳಿಗ್ಗೆ ನಿಂತುಹೋಗುವ ಡಿಸ್ಕುಗಳೂ ಬಹಳ. ಆದುದರಿಂದ ನೀಲಿಯನ್ನು ಕಂಡು ನಿಶ್ಚಿಂತರಾಗುವಂತಿಲ್ಲ.

ಯಾವುದನ್ನು ಕೊಳ್ಳಬೇಕು?

ಮೊದಲು ಒಂದು ಮಾತನ್ನು ಬಿಚ್ಚಿ ಹೇಳಬೇಕು. ಕೊಳ್ಳುವ ಶಕ್ತಿ ಒಂದಕ್ಕೇ ಇದ್ದು, ಉದ್ದೇಶವು ಮನೆಯ ದಾಖಲೆಗಳನ್ನು ಕಾಯುವುದಷ್ಟೇ ಆಗಿದ್ದರೆ, ಕ್ಯಾಬಿನೆಟ್ಟಿನೊಳಗೆ ಜೋಡಿಸುವ ಡಿಸ್ಕಿಗಿಂತ ಯು.ಎಸ್.ಬಿ. ತಂತಿಯ ಹೊರ ಡಿಸ್ಕೇ ಮೇಲು. ಬೆಂಕಿ, ನೀರು, ಕಳವು, ಸಿಡಿಲು ಇವು ಕ್ಯಾಬಿನೆಟ್ಟಿನೊಳಗಿನ ಎರಡು ಡಿಸ್ಕುಗಳಿಗೂ ಒಟ್ಟಿಗೇ ಬರುತ್ತವೆ. ಒಳ ಡಿಸ್ಕಿನ ಗುಣಗಳು ಬೇರೆ: ಅಷ್ಟೇ ಗಾತ್ರಕ್ಕೆ ಸಾಮಾನ್ಯವಾಗಿ ಬೆಲೆ ಕಡಿಮೆ, ಕೈಜಾರಿ ಬೀಳುವ ಭಯವಿಲ್ಲ, ನಾವು ಮರೆತರೂ ಕಂಪ್ಯೂಟರು ತಾನಾಗಿ ದಿನವೂ ಅದಕ್ಕೆ ನಕಲು ಮಾಡುತ್ತಿರುತ್ತದೆ. ಮೇಜಿನ ಕಂಪ್ಯೂಟರು ಇರುವವರು, ಇರುವ ಡಿಸ್ಕ್ ತುಂಬಿಹೋದವರು ಒಳ ಡಿಸ್ಕನ್ನು ಕೊಳ್ಳಲಿ. ಅನುಕೂಲವಾದಾಗ ಹೊರಗಿನದನ್ನೂ ಸೇರಿಸಿಕೊಳ್ಳಲಿ.

ಎಸ್.ಎಸ್.ಡಿ. ಎಂಬ ಹೊಸ ಮಾದರಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದು ಬಹಳ ಚುರುಕು. ಹಳೆಯ ಕಂಪ್ಯೂಟರು ಆಮೆಗತಿಯಲ್ಲಿ ನಡೆಯುತ್ತಿದ್ದರೆ ವಿಂಡೋಸ್ ಇರುವ ಡಿಸ್ಕನ್ನು ಎಸ್.ಎಸ್.ಡಿ.ಗೆ ಬದಲಾಯಿಸುವುದು ಒಳ್ಳೆಯ ಉಪಾಯ. ಆದರೆ ವಿದ್ಯುತ್ತಿನ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇರಿಸುವುದಕ್ಕೆ ಅದು ತಕ್ಕುದಲ್ಲ. ಅದರಲ್ಲಿನ ವಿದ್ಯುದಂಶವು ನಿಧಾನವಾಗಿ ಸೋರಿಹೋಗುತ್ತದೆ. ಸಂಗ್ರಹಕ್ಕೆ ತಟ್ಟೆಯ ಡಿಸ್ಕೇ ಸಾಕು, ಅದೇ ಅಗ್ಗ. ನಕಲು ಇರಿಸುವುದಕ್ಕಷ್ಟೇ ಆದರೆ 5,400 ಸುತ್ತಿನದು ಧಾರಾಳವಾಯಿತು. ಸದ್ದೂ ಕಡಿಮೆ, ಬಿಸಿಯೂ ಕಡಿಮೆ.

ಗಾತ್ರದ ವಿಷಯದಲ್ಲಿ ಅತಿಯಾಸೆ ಬೇಡ. ಒಂದು ಸಿ.ಟಿ. ಸ್ಕ್ಯಾನ್ ಕೆಲವು ನೂರು ಮೆಗಾಬೈಟುಗಳಿರಬಹುದು, ಸ್ಕ್ಯಾನ್ ಮಾಡಿದ ರಕ್ತಪರೀಕ್ಷೆಯ ಹಾಳೆ ಒಂದು ಮೆಗಾಬೈಟನ್ನೂ ದಾಟದು. ಮದುವೆ-ಮುಂಜಿಗಳ ವೀಡಿಯೋ ಸೇರಿಸಿದರೂ ಸಾಮಾನ್ಯ ಕುಟುಂಬಕ್ಕೆ 1 ಅಥವಾ 2 ಟೆರಾಬೈಟು ಸಾಕಾಗುತ್ತದೆ. 1 ಟೆರಾಬೈಟಿನ ಡಿಸ್ಕನ್ನು ಜೋಡಿಸಿದ ಮೇಲೆ ಕಂಪ್ಯೂಟರು 931 ಎಂದು ತೋರಿಸಿದರೆ ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬಾರದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಡಿಸ್ಕ್ ಅಷ್ಟೇ ಇದೆ.

ನಿಜವಾದ ಮೋಸ ಬೇರೆ ಕಡೆ ಇದೆ. ಇಂದು ಜಗತ್ತಿನಲ್ಲಿ ತಟ್ಟೆಯ ಡಿಸ್ಕುಗಳನ್ನು ತಯಾರಿಸುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ ಈ ಮೂವರೇ. ಬೇರಾವುದೋ ಹೆಸರಿನ ಚೀಟಿ ಅಂಟಿಸಿದ ಒಳ ಡಿಸ್ಕ್ ಅರ್ಧ ಬೆಲೆಗೆ ಸಿಕ್ಕಿತೆಂದರೆ ಅದು ಬಹುತೇಕ ಎಲ್ಲೋ ದುಡಿದು ಬಂದದ್ದೆಂದೇ ತಿಳಿಯಬೇಕು. ಅಂಗಡಿ, ಹೌಸಿಂಗ್ ಸೊಸೈಟಿಗಳ ಸಿ.ಸಿ.ಟಿ.ವಿ. ಪೆಟ್ಟಿಗೆಯಲ್ಲಿ ಹಗಲಿರುಳು ಮೂರು ವರ್ಷ ತಿರುಗಿದ ಡಿಸ್ಕಿನ ಲೆಕ್ಕದಲ್ಲಿ 26,000 ಗಂಟೆಗಳಿರುತ್ತವೆ. ಒರೆಸಿ, ಚೀಟಿ ಬದಲಿಸಿ ಮಾರಿದರೆ ನೋಡಲು ಹೊಸದೇ. ಮೇಲೆ ಹೇಳಿದ ಕ್ರಿಸ್ಟಲ್ ಡಿಸ್ಕ್ ಇನ್ಫೋ ಈ ಗಂಟೆಗಳನ್ನು ತೋರಿಸುತ್ತದೆ. ಹೊಸ ಡಿಸ್ಕಿನಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ಆದರೆ ಆ ಗಂಟೆಗಳನ್ನೂ ಅಳಿಸಬಲ್ಲ ಚತುರರಿದ್ದಾರೆ: ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕುಗಳನ್ನು ಲೆಕ್ಕ ಸೊನ್ನೆ ಮಾಡಿ ಹೊಸದೆಂದು ಮಾರಿದ ಸಂಗತಿ 2025ರ ಆರಂಭದಲ್ಲಿ ಯೂರೋಪಿನಲ್ಲಿ ಬಯಲಾಯಿತು. ಆದುದರಿಂದ ಡಿಸ್ಕಿನ ಮೇಲಿರುವ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಎಷ್ಟು ಉಳಿದಿದೆಯೆಂದು ನೋಡಿಕೊಳ್ಳುವುದು ಎಲ್ಲಕ್ಕಿಂತ ಭದ್ರವಾದ ಕ್ರಮ. ಇನ್ನು ಆನ್‌ಲೈನಿನಲ್ಲಿ ಬಹಳ ಅಗ್ಗದ ಬೆಲೆಗೆ '16 ಟೆರಾಬೈಟು' ಎಂದು ಮಾರುವ ಪುಟ್ಟ ಪೆಟ್ಟಿಗೆಗಳುಂಟು. ಅವನ್ನು ಬಿಚ್ಚಿದರೆ ಒಳಗೆ ಮೊಬೈಲಿಗೆ ಹಾಕುವಂಥ ಮೆಮೊರಿ ಕಾರ್ಡು. ಕಂಪ್ಯೂಟರಿಗೆ ಸುಳ್ಳು ಗಾತ್ರ ಹೇಳುವಂತೆ ಅದನ್ನು ತಯಾರಿಸಿರುತ್ತಾರೆ. ಕಾರ್ಡು ತುಂಬಿದ ಮೇಲೆ ನಾವು ಹಾಕಿದ್ದೆಲ್ಲವೂ ಸದ್ದಿಲ್ಲದೆ ನಾಶವಾಗುತ್ತದೆ.

ಎಲ್ಲಿ ಕೊಳ್ಳಬೇಕು? ಮುಂಬಯಿಯ ಹಳಬರಿಗೆ ಲ್ಯಾಮಿಂಗ್ಟನ್ ರೋಡ್ ಎಂದರೆ ಸಾಕು. ಹಿಂದೆ ರೇಡಿಯೋ ಬಿಡಿಭಾಗಕ್ಕೆ, ಈಗ ಕಂಪ್ಯೂಟರಿಗೆ. ಡೊಂಬಿವಲಿಯಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಅಲ್ಲಿ ಬೆಲೆ ತುಸು ಕಡಿಮೆಯೇ ಸಿಕ್ಕೀತು. ಆದರೆ ಡಿಸ್ಕ್ ಕೆಟ್ಟರೆ ಅದೇ ಹಾದಿಯಲ್ಲಿ ಮತ್ತೆ ಹೋಗಿ ಬರಬೇಕು. ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿಗಳಲ್ಲಿ ಮನೆಯ ಹತ್ತಿರವೇ ಪರಿಚಿತ ಅಂಗಡಿಯಿದ್ದರೆ ನಾಲ್ಕು ಕಾಸು ಹೆಚ್ಚಾದರೂ ಅಲ್ಲಿಯೇ ಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಶೇಕಡಾ 18ರ ಜಿ.ಎಸ್.ಟಿ. ತೋರಿಸಿದ, ಕ್ರಮಸಂಖ್ಯೆ ಬರೆದ ಪಕ್ಕಾ ಬಿಲ್ಲನ್ನು ಕೇಳಿ ಪಡೆಯಬೇಕು. 'ಬಿಲ್ಲು ಬೇಡವಾದರೆ ಇಷ್ಟು ಬಿಡುತ್ತೇನೆ' ಎಂಬ ಮಾತಿಗೆ ಮರುಳಾದವರಿಗೆ ವಾರಂಟಿಯ ದಿನ ಪಶ್ಚಾತ್ತಾಪವಾಗುತ್ತದೆ. ಬೆಲೆಯಂತೂ ಸ್ಥಿರವಲ್ಲ. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ ಇಡೀ ಜಗತ್ತಿನಲ್ಲಿ ಬೆಲೆ ಏರಿತ್ತು. ಇಳಿಯಲು ತಿಂಗಳುಗಟ್ಟಲೆ ಹಿಡಿಯಿತು.

ಜೋಡಿಸುವ ವಿಧಾನ

ಬಿಡಿಯಾಗಿ ಕೊಂಡ ಡಿಸ್ಕಿನ ಜೊತೆ ಸಾಮಾನ್ಯವಾಗಿ ತಂತಿಯೂ ಸ್ಕ್ರೂಗಳೂ ಇರುವುದಿಲ್ಲ. ಅಂಗಡಿಯಿಂದ ಹೊರಡುವ ಮುಂಚೆ ಒಂದು ಸಾಟಾ ಡೇಟಾ ಕೇಬಲ್ ಮತ್ತು ನಾಲ್ಕು ಸ್ಕ್ರೂಗಳನ್ನು ಕೇಳಿ ಪಡೆಯಬೇಕು. 2003ರ ಸುಮಾರಿಗೆ ಸಾಟಾ ಬರುವ ತನಕ ಡಿಸ್ಕಿಗೆ ಅಗಲವಾದ ನಾಡಾದಂಥ ತಂತಿಯಿದ್ದು, ಯಾವುದು ಯಜಮಾನ ಡಿಸ್ಕು, ಯಾವುದು ಸೇವಕ ಡಿಸ್ಕು ಎಂದು ಪುಟ್ಟ ಕೊಂಡಿ ಬದಲಿಸಿ ಸೂಚಿಸಬೇಕಾಗಿತ್ತು. ಆ ರಗಳೆ ಈಗಿಲ್ಲ. ಹೈಸ್ಕೂಲಿನ ಹುಡುಗರೂ ಅರ್ಧ ಗಂಟೆಯಲ್ಲಿ ಈ ಕೆಲಸ ಮುಗಿಸಬಲ್ಲರು.

ಆರಂಭಕ್ಕೆ ಮುನ್ನ, ಹಳೆಯ ಡಿಸ್ಕಿನಲ್ಲಿರುವ ಅತಿಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು. ಅನಂತರ ಕಂಪ್ಯೂಟರನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ಚನ್ನು ಆರಿಸಿ, ತಂತಿಯನ್ನು ಕಿತ್ತು, ಕಂಪ್ಯೂಟರಿನ ಗುಂಡಿಯನ್ನು ನಾಲ್ಕೈದು ಸೆಕೆಂಡು ಒತ್ತಿಹಿಡಿದರೆ ಒಳಗೆ ಉಳಿದ ವಿದ್ಯುತ್ತು ಇಳಿಯುತ್ತದೆ. ನಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ತು ಡಿಸ್ಕಿನ ಹಲಗೆಗೆ ಹಾನಿಕರ. ಮಳೆಗಾಲದ ತೇವದಲ್ಲಿ ಈ ಭಯ ಕಡಿಮೆ, ಡಿಸೆಂಬರ್-ಜನವರಿಯ ಒಣಹವೆಯಲ್ಲಿ ಹೆಚ್ಚು. ನೈಲಾನ್, ರೇಷ್ಮೆಯ ಉಡುಪು ಬೇಡ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದರೆ ಸಾಕು.

ಕ್ಯಾಬಿನೆಟ್ಟಿನ ಎಡಗಡೆಯ ತಗಡು ಹಿಂಭಾಗದ ಎರಡು ಸ್ಕ್ರೂಗಳನ್ನು ತೆಗೆದರೆ ಸರಿದು ಬರುತ್ತದೆ. ಮುಂಭಾಗದ ಕೆಳಗಡೆ ಹಳೆಯ ಡಿಸ್ಕ್ ಕುಳಿತಿರುವ ಗೂಡೂ ಅದರ ಪಕ್ಕದಲ್ಲಿ ಖಾಲಿ ಗೂಡೂ ಕಾಣುತ್ತವೆ. ಎರಡರ ನಡುವೆ ಗಾಳಿಯಾಡುವಂತೆ, ಸಾಧ್ಯವಾದರೆ ಒಂದು ಗೂಡು ಬಿಟ್ಟು, ಹೊಸ ಡಿಸ್ಕನ್ನು ಸರಿಸಿ ನಾಲ್ಕೂ ಸ್ಕ್ರೂಗಳನ್ನು ಹಾಕಬೇಕು. ಬಿಗಿಯಾಗಿರಬೇಕು, ಆದರೆ ಬಲಪ್ರಯೋಗ ಕೂಡದು. ಎರಡೇ ಸ್ಕ್ರೂ ಹಾಕಿ ಬಿಟ್ಟರೆ ಡಿಸ್ಕ್ ನಡುಗುತ್ತಿರುತ್ತದೆ. ಇನ್ನು ತಂತಿಗಳು ಎರಡು. ಕಿರಿದಾದ ಏಳು ಮೊನೆಯ ಡೇಟಾ ತಂತಿಯ ಒಂದು ತುದಿ ಡಿಸ್ಕಿಗೆ, ಇನ್ನೊಂದು ಮದರ್‌ಬೋರ್ಡಿನ ಖಾಲಿ ಸಾಟಾ ಕಿಂಡಿಗೆ. ಅಗಲವಾದ ಹದಿನೈದು ಮೊನೆಯ ವಿದ್ಯುತ್ ತಂತಿ ಪವರ್ ಸಪ್ಲೈ ಪೆಟ್ಟಿಗೆಯಿಂದಲೇ ಬಂದು ತೂಗಾಡುತ್ತಿರುತ್ತದೆ. ಎರಡೂ 'ಎಲ್' ಆಕಾರದವು. ಒಂದೇ ದಿಕ್ಕಿನಲ್ಲಿ ಕೂರುತ್ತವೆ. ಕೂರದಿದ್ದರೆ ತಿರುವಿ ನೋಡಬೇಕೇ ಹೊರತು ಒತ್ತಬಾರದು. ವಿದ್ಯುತ್ ತಂತಿಯ ಖಾಲಿ ತುದಿ ಇಲ್ಲದಿದ್ದರೆ ಅಂಗಡಿಯಲ್ಲಿ ಜೋಡುತಂತಿ ಕೊಡುತ್ತಾರೆ. ಅದರಲ್ಲಿ ಅತಿ ಅಗ್ಗದ್ದು ಬಿಸಿಯಾಗಿ ಕರಗಿ ಸುಟ್ಟುಹೋಗುವುದುಂಟು. ಇಲ್ಲಿ ಉಳಿತಾಯ ಮಾಡಲು ಹೋಗಬಾರದು.

ಲ್ಯಾಪ್‌ಟಾಪಿನವರಿಗೆ ಈ ವಿಧಾನ ಅನ್ವಯಿಸದು. ಹಳೆಯ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಓಡಿಸುವ ಭಾಗವನ್ನು ತೆಗೆದು ಅದರ ಜಾಗದಲ್ಲಿ ಚಿಕ್ಕ ಡಿಸ್ಕನ್ನು ಚೌಕಟ್ಟಿನೊಡನೆ ಕೂರಿಸುವ ಉಪಾಯವಿದೆ. ಕೊಳ್ಳುವಾಗ ಚೌಕಟ್ಟಿನ ದಪ್ಪ 9.5 ಮಿಲಿಮೀಟರೋ 12.7 ಮಿಲಿಮೀಟರೋ ಎಂದು ಅಳೆದು ನೋಡಬೇಕು. ಅಷ್ಟು ಶ್ರಮಪಡುವ ಬದಲು ಹೊರ ಡಿಸ್ಕ್ ಕೊಂಡರಾಯಿತು. ಎರಡೂವರೆ ಅಂಗುಲದ್ದು ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ತು ಪಡೆಯುತ್ತದೆ, ಬೇರೆ ಅಡಾಪ್ಟರು ಬೇಡ.

ತಗಡನ್ನು ಮುಚ್ಚಿ ಕಂಪ್ಯೂಟರನ್ನು ಚಾಲೂ ಮಾಡಿದಾಗ ಹೊಸ ಡಿಸ್ಕ್ ಎಲ್ಲಿಯೂ ಕಾಣುವುದಿಲ್ಲ. ಇಲ್ಲಿ ಅನೇಕರು ಹೆದರಿ ಡಿಸ್ಕನ್ನು ಅಂಗಡಿಗೆ ಹಿಂತಿರುಗಿಸಲು ಹೊರಡುತ್ತಾರೆ. ಅದಕ್ಕೆ ಇನ್ನೂ ಗೆರೆ ಎಳೆಯದ ಹೊಸ ಪುಸ್ತಕದ ಸ್ಥಿತಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬುದನ್ನು ತೆರೆದರೆ ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕೇ ಎಂದು ಅದೇ ಕೇಳುತ್ತದೆ. ಜಿ.ಪಿ.ಟಿ. ಎಂಬುದನ್ನು ಆರಿಸಿಕೊಳ್ಳಬೇಕು; ಹಳೆಯ ಎಂ.ಬಿ.ಆರ್. ಪದ್ಧತಿಯಲ್ಲಿ 2 ಟೆರಾಬೈಟಿನಾಚೆಯ ಜಾಗ ಬಳಕೆಗೆ ಸಿಗದು. ಅನಂತರ ಖಾಲಿ ಪಟ್ಟಿಯ ಮೇಲೆ ಒತ್ತಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ, ಎನ್.ಟಿ.ಎಫ್.ಎಸ್. ಎಂದು ಸೂಚಿಸಿ, ಫಾರ್ಮ್ಯಾಟ್ ಮಾಡಬೇಕು.

ಈ ಘಟ್ಟದಲ್ಲಿ ಒಂದು ಕ್ಷಣ ಕೈತಡೆದು ನೋಡತಕ್ಕದ್ದು. ಪರದೆಯ ಮೇಲೆ ಹಳೆಯ ಡಿಸ್ಕೂ ಹೊಸದೂ ಒಂದರ ಕೆಳಗೊಂದು ಇರುತ್ತವೆ. ಎರಡರ ಗಾತ್ರವೂ ಒಂದೇ ಆಗಿದ್ದರೆ ಗೊಂದಲವಾಗುವುದು ಸಹಜ. ಹೆಸರಿನ ಅಕ್ಷರ ಮತ್ತು ವಿಂಡೋಸ್ ಗುರುತು ಇರುವುದು ಹಳೆಯದು, 'ಅನ್‌ಅಲೊಕೇಟೆಡ್' ಎಂದು ಕಪ್ಪು ಪಟ್ಟಿ ಇರುವುದು ಹೊಸದು. ತಪ್ಪಿ ಹಳೆಯದನ್ನು ಫಾರ್ಮ್ಯಾಟ್ ಮಾಡಿದವರನ್ನು ನಾನು ಬಲ್ಲೆ. ರಕ್ಷಣೆಗೆಂದು ತಂದ ಡಿಸ್ಕಿನ ದೆಸೆಯಿಂದಲೇ ಅವರ ಮಗಳ ಬಾಲ್ಯದ ಫೋಟೋಗಳೆಲ್ಲ ಹೋದವು.

'ಕ್ವಿಕ್ ಫಾರ್ಮ್ಯಾಟ್' ಎಂಬಲ್ಲಿರುವ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿಸುವುದನ್ನು ನಾನು ಒತ್ತಿ ಹೇಳುತ್ತೇನೆ. 1 ಟೆರಾಬೈಟಿಗೆ ಎರಡು ಗಂಟೆ ಅಥವಾ ತುಸು ಹೆಚ್ಚು ಹಿಡಿಯುತ್ತದೆ. ಆದರೆ ಡಿಸ್ಕಿನ ಮೂಲೆಮೂಲೆಯೂ ಒಮ್ಮೆ ಪರೀಕ್ಷೆಗೊಳಗಾಗುವುದರಿಂದ ದೋಷವಿದ್ದರೆ ಅಂಗಡಿಯವನು ಬದಲಿಸಿ ಕೊಡುವ ಅವಧಿಯೊಳಗೇ ತಿಳಿಯುತ್ತದೆ. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸ ಡಿಸ್ಕ್ ಹಾಕಿದ ಮಾತ್ರಕ್ಕೆ ಆ ಕೊರತೆ ನೀಗುವುದಿಲ್ಲ.

ಏನನ್ನು, ಹೇಗೆ ಇಡಬೇಕು?

ಕುಟುಂಬದ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರು ಮಾಡಿ, ಕಡತದ ಹೆಸರನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಆರಂಭಿಸಿದರೆ ಅವು ತಾವಾಗಿ ಕಾಲಾನುಕ್ರಮದಲ್ಲಿ ಕೂರುತ್ತವೆ. ಕ್ರಿಯಾಟಿನಿನ್, ಸಕ್ಕರೆ ಮೊದಲಾದವು ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿದಿವೆಯೆಂದು ವೈದ್ಯರು ಒಂದು ನಿಮಿಷದಲ್ಲಿ ನೋಡಬಹುದು. ಡಿಸ್ಚಾರ್ಜ್ ಕಾರ್ಡು, ಇ.ಸಿ.ಜಿ., ಸ್ಟೆಂಟ್ ಅಥವಾ ಕೃತಕ ಮಂಡಿಯ ಚೀಟಿ, ಅಲರ್ಜಿಯ ವಿವರ, ಮಕ್ಕಳ ಲಸಿಕೆಯ ಪುಸ್ತಕ ಇವೆಲ್ಲ ಮೊದಲು. ಸಿ.ಟಿ., ಎಂ.ಆರ್.ಐ., ಆಂಜಿಯೋಗ್ರಫಿಗಳನ್ನು ಆಸ್ಪತ್ರೆಯವರು ಸಿ.ಡಿ.ಯಲ್ಲಿ ಕೊಟ್ಟಿದ್ದರೆ ತಡಮಾಡದೆ ಇಡೀ ಸಿ.ಡಿ.ಯನ್ನು, ಒಳಗಿನ ಒಂದು ಕಡತವನ್ನೂ ಬಿಡದೆ, ನಕಲು ಮಾಡಬೇಕು. ಚಿತ್ರವನ್ನು ಮಾತ್ರ ಆರಿಸಿ ತೆಗೆದರೆ ಮುಂದೆ ಅದು ತೆರೆಯದೆ ಹೋಗಬಹುದು. ನಮ್ಮ ಕಡೆಯ ತೇವಕ್ಕೆ ಸಿ.ಡಿ.ಯ ಮೇಲೆ ಬೂಷ್ಟು ಹಿಡಿಯುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಸಿ.ಡಿ. ಹಾಕುವ ಸ್ಥಳವೂ ಇಲ್ಲ. ಸ್ಕ್ಯಾನ್ ಮಾಡಿದೆವೆಂದು ಮೂಲ ಕಾಗದವನ್ನು ರದ್ದಿಗೆ ಹಾಕುವುದಂತೂ ಸಲ್ಲದು. ಡಿಸ್ಚಾರ್ಜ್ ಕಾರ್ಡುಗಳಿಗೆ ಒಂದು ಫೈಲಿನಷ್ಟು ಜಾಗ ಎಷ್ಟು ಚಿಕ್ಕ ಮನೆಯಲ್ಲಿಯೂ ಸಿಗುತ್ತದೆ.

ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳಿಗೂ ಒಂದು ಸೂಚನೆ. ಹಳೆಯ ಸ್ಮರಣ ಸಂಚಿಕೆಗಳ ಕಡತಗಳು ಪೇಜ್‌ಮೇಕರಿನಲ್ಲಿ, ಶ್ರೀಲಿಪಿ, ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಇರುತ್ತವೆ. ಆ ಫಾಂಟುಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಕಡತದೊಡನೆ ಫಾಂಟನ್ನೂ, ಒಂದು ಪಿ.ಡಿ.ಎಫ್. ಪ್ರತಿಯನ್ನೂ ಇರಿಸಬೇಕು.

ನಕಲು ಮಾಡುವ ಕೆಲಸವನ್ನು ವಿಂಡೋಸಿನ ಫೈಲ್ ಹಿಸ್ಟರಿಗೆ ಒಪ್ಪಿಸಿದರೆ ಒಳ ಡಿಸ್ಕಿಗೆ ಅದು ತಾನಾಗಿ ನಡೆಯುತ್ತದೆ. ಹೊರ ಡಿಸ್ಕಿಗೆ ತಿಂಗಳಿಗೊಮ್ಮೆ ಕೈಯಾರೆ ಮಾಡಬೇಕು. ನಮ್ಮ ಮನೆಯಲ್ಲಿ ಸಂಕಷ್ಟಿಯ ದಿನ ಚಂದ್ರೋದಯಕ್ಕೆ ಕಾಯುವ ಹೊತ್ತಿಗೆ ಈ ಕೆಲಸವಾಗುತ್ತದೆ. ತಾರೀಖು ನೆನಪಿಡುವ ಕಷ್ಟವಿಲ್ಲ. ಮುಗಿದ ಕೂಡಲೇ ತಂತಿಯನ್ನು ಕಳಚಿಡಬೇಕು. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ಪಿಡುಗಿನಂಥವು ಕಂಪ್ಯೂಟರಿಗೆ ತಗಲಿಕೊಂಡಿರುವ ಎಲ್ಲ ಡಿಸ್ಕುಗಳಿಗೂ ಬೀಗ ಜಡಿದು ಹಣ ಕೇಳುತ್ತವೆ. ಬೀರುವಿನಲ್ಲಿರುವ ಡಿಸ್ಕನ್ನು ಅವು ಮುಟ್ಟಲಾರವು.

ಗೂಗಲಿನಲ್ಲಿ ಇಡಬಾರದೇ ಎಂದು ಕಿರಿಯರು ಕೇಳುತ್ತಾರೆ. ಇಡಬಹುದು. ಉಚಿತವಾಗಿ ಸಿಗುವುದು 15 ಗಿಗಾಬೈಟು; ಅದರಲ್ಲಿಯೇ ಮಿಂಚಂಚೆ, ಫೋಟೋಗಳೆಲ್ಲ ಸೇರಿದವು. ಹೆಚ್ಚು ಬೇಕಾದರೆ ಬಾಡಿಗೆ. 'ಮೋಡ' ಎಂದು ಕರೆದರೂ ಅದು ಆಕಾಶದಲ್ಲಿಲ್ಲ, ಮಹಾಪೆ, ಐರೋಲಿ, ಪನ್ವೇಲುಗಳಲ್ಲಿ ನಾವು ನೋಡುವ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳಂಥ ಕಡೆ ಸಾಲಾಗಿ ನಿಲ್ಲಿಸಿದ ಡಿಸ್ಕುಗಳಲ್ಲಿಯೇ ಇರುತ್ತದೆ. ಮೂರನೆಯ ಪ್ರತಿಯಾಗಿ ಅದು ಒಳ್ಳೆಯದು, ಒಂದೇ ಪ್ರತಿಯಾಗಿ ಅಲ್ಲ.

ನೀರು ಮತ್ತು ಊರು

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಉಲ್ಹಾಸ್, ವಾಲ್‌ಧುನಿ ನದಿಗಳು ಉಕ್ಕಿ ಬದಲಾಪುರ, ಕಲ್ಯಾಣ್ ಸುತ್ತಮುತ್ತಲ ನೆಲಮಾಳಿಗೆಯ ಮನೆಗಳೊಳಗೆ ನೀರು ನುಗ್ಗಿತ್ತು. 2019ರ ಜುಲೈ 27ರಂದು ಅದೇ ಉಲ್ಹಾಸ್ ನದಿಯ ನೆರೆಯಲ್ಲಿ ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಕ್ಕಿಕೊಂಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಇಷ್ಟಾದರೂ ನಮ್ಮ ಮನೆಗಳಲ್ಲಿ ಕಂಪ್ಯೂಟರಿನ ಕ್ಯಾಬಿನೆಟ್ಟು ಇರುವುದು ಮೇಜಿನ ಕೆಳಗೆ, ನೆಲದ ಮೇಲೆ! ಅದನ್ನು ಎರಡಡಿ ಎತ್ತರಿಸುವುದಕ್ಕೆ ಏನೂ ಖರ್ಚಿಲ್ಲ. ಗೋಡೆ ಬೆವರುವ ಆ ನಾಲ್ಕು ತಿಂಗಳಲ್ಲಿ ಹೊರ ಡಿಸ್ಕನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇರಿಸಬೇಕು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಒಂದು ನಿಯಮವಿದೆ: ಪ್ರತಿ ಮೂರು, ಮಾಧ್ಯಮ ಎರಡು ಬಗೆಯದು, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಬೇರೆ ಊರು ನಮಗೆ ಹುಡುಕಬೇಕಾಗಿಲ್ಲ. ಮೇ ತಿಂಗಳ ರಜೆಯಲ್ಲಿ ಥಾಣೆಯಲ್ಲಿಯೋ ಪನ್ವೇಲಿನಲ್ಲಿಯೋ ಮತ್ಸ್ಯಗಂಧ ಹತ್ತುವವರು ಒಂದು ಡಿಸ್ಕನ್ನು ಉಡುಪಿಯ ಮನೆಯ ಕಪಾಟಿನಲ್ಲಿ ಬಿಟ್ಟು, ಹಿಂದಿನ ವರ್ಷ ಬಿಟ್ಟದ್ದನ್ನು ಹಿಂದಕ್ಕೆ ತಂದರಾಯಿತು. ಬಿಜಾಪುರ, ಧಾರವಾಡದ ಕಡೆಯವರಿಗೂ ಇದೇ ಕ್ರಮ. ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ಇರಿಸಿಕೊಳ್ಳಬೇಕು, ಬರ್ತಿನ ಕೆಳಗಿನ ಟ್ರಂಕಿನಲ್ಲಲ್ಲ. ರೋಗದ ವಿವರ ಪರರ ಕೈಸೇರಬಾರದೆಂದಿದ್ದರೆ ಆ ಫೋಲ್ಡರಿಗೆ ಗುಪ್ತಪದ ಹಾಕಬೇಕು. ಆ ಗುಪ್ತಪದ ಮನೆಯಲ್ಲಿ ಇನ್ನೊಬ್ಬರಿಗೂ ತಿಳಿದಿರಬೇಕು. ಆಸ್ಪತ್ರೆಗೆ ಸೇರಿದವರನ್ನೇ ಅದನ್ನು ಕೇಳುವಂತಾಗಬಾರದು.

ಕೊನೆಯದಾಗಿ ಸತ್ತ ಡಿಸ್ಕಿನ ವಿಷಯ. ಅದನ್ನು ಹಾಗೆಯೇ ಭಂಗಾರ್‌ವಾಲಾನ ತಕ್ಕಡಿಗೆ ಹಾಕಬಾರದು. ನಮಗೆ ತೆರೆಯದ ಡಿಸ್ಕನ್ನು ಬಲ್ಲವರು ತೆರೆದು ಬ್ಯಾಂಕಿನ ಕಾಗದ, ಆಧಾರ್ ಪ್ರತಿಗಳನ್ನು ಓದಬಲ್ಲರು. ಬಡಗಿಯ ಡ್ರಿಲ್ಲಿನಿಂದ ತಟ್ಟೆಗೆ ಎರಡು ಮೂರು ತೂತು ಕೊರೆಸಿ, ಅನಂತರ ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೆ ಒಪ್ಪಿಸಬೇಕು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಭಾವನವರ ಹಳೆಯ ಡಿಸ್ಕನ್ನು ಮಾತ್ರ ಅಕ್ಕ ಇನ್ನೂ ಕೊಡಲೊಪ್ಪಿಲ್ಲ. ಉಳಿದರ್ಧವೂ ಎಂದಾದರೂ ಸಿಕ್ಕೀತೆಂದು ಅದನ್ನು ಬೀರುವಿನಲ್ಲಿ, ಹೊಸ ಡಿಸ್ಕಿನ ಪಕ್ಕದಲ್ಲಿಯೇ ಇರಿಸಿಕೊಂಡಿದ್ದಾಳೆ.